ಜಾಸ್ತಿ ಟ್ಯಾಕ್ಸ್ ಕಟ್ಟಿದವರಿಗೆ ಪಿಂಚಣಿಯೂ ಜಾಸ್ತಿ ಬರಬೇಕಲ್ವಾ?

ಹೂಟಗಳ್ಳಿ ಶಿಫ್ಟ್

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೂಟಗಳ್ಳಿಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ. 1996ರಲ್ಲಿ ಸೇರಿದವನು. 2026ರಲ್ಲಿ 58 ತುಂಬುತ್ತದೆ. ಈಗ ಸಂಬಳ ವರ್ಷಕ್ಕೆ 11 ಲಕ್ಷದ ಹತ್ತಿರ ಇದೆ.

ಮಗಳು ಕೂತು ನನ್ನ ಪಿಎಫ್ ಪಿಂಚಣಿ ಲೆಕ್ಕ ಹಾಕಿದಳು. ತಿಂಗಳಿಗೆ ನಾಲ್ಕೂವರೆ ಸಾವಿರದ ಆಸುಪಾಸು ಬರುತ್ತದಂತೆ. ಅಷ್ಟರಲ್ಲಿ ನಾನು, ನನ್ನ ಹೆಂಡತಿ ಇಬ್ಬರ ಬಿಪಿ, ಶುಗರ್ ಮಾತ್ರೆ ತಂದು ಕರೆಂಟ್ ಬಿಲ್ ಕಟ್ಟಿದರೆ ಉಳಿಯುವುದು ಎಷ್ಟು, ನೀವೇ ಹೇಳಿ.

ಇಷ್ಟು ವರ್ಷ ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ ಹಿಡಿದಿದ್ದಾರೆ. ಒಂದು ರೂಪಾಯಿ ಬಚ್ಚಿಟ್ಟವನಲ್ಲ. ಆದರೂ ಗೃಹಲಕ್ಷ್ಮಿ ನಮ್ಮ ಮನೆಗೆ ಇಲ್ಲ. ಅಟಲ್ ಪಿಂಚಣಿಗೂ ನಾವು ಸಲ್ಲುವುದಿಲ್ಲ. ಜಾಸ್ತಿ ತೆರಿಗೆ ಕಟ್ಟಿದವನಿಗೆ ವಯಸ್ಸಾದ ಮೇಲೆ ಜಾಸ್ತಿ ಸಿಗಬೇಕು ಅಂತ ಕೇಳುವುದು ತಪ್ಪಾ? ಹೊರದೇಶಗಳಲ್ಲಿ ಹಾಗೇ ಇದೆ ಅಂತ ಹೇಳ್ತಾರೆ. ಗೊತ್ತಿರುವವರು ತಿಳಿಸಿ.

ಕುವೆಂಪುನಗರ 77

ತಪ್ಪೇನಿಲ್ಲ ಸಾರ್. ನನ್ನದೂ ಇದೇ ಪ್ರಶ್ನೆ. ಕಟ್ಟುವವರು ನಾವು, ತಗೊಳ್ಳುವವರು ಇನ್ಯಾರೋ.

ಲೆಕ್ಕದ ಪುಸ್ತಕ

ನಾನು ಮೈಸೂರಲ್ಲೇ ತೆರಿಗೆ ರಿಟರ್ನ್ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಈ ಪ್ರಶ್ನೆ ಪ್ರತಿ ಜುಲೈ ತಿಂಗಳಲ್ಲೂ ಬರುತ್ತದೆ. ಎರಡು ಬೇರೆ ಬೇರೆ ದುಡ್ಡು ಒಂದೇ ಅಂದುಕೊಂಡಿರುವುದರಿಂದ ಹುಟ್ಟುವ ಪ್ರಶ್ನೆ ಇದು.

ಆದಾಯ ತೆರಿಗೆ ಹೋಗುವುದು ಸರ್ಕಾರದ ಸಂಚಿತ ನಿಧಿಗೆ. ಅಲ್ಲಿಂದ ರಸ್ತೆ, ಸೈನ್ಯ, ಸಬ್ಸಿಡಿ, ಸಾಲದ ಬಡ್ಡಿ ಎಲ್ಲ ಹೋಗುತ್ತದೆ. ನಿಮ್ಮ ಹೆಸರಿನ ಖಾತೆ ಅಂತ ಅಲ್ಲಿ ಏನೂ ಇಲ್ಲ. ಪಿಂಚಣಿ ಬರುವುದು ವಂತಿಗೆಯಿಂದ. ಅದೇ ಪಿಎಫ್ ಜೊತೆ ಬರುವ ಇಪಿಎಸ್-95. ನಿಮ್ಮ ಮಾಲೀಕರು ಕಟ್ಟುವ 12%ನಲ್ಲಿ 8.33% ಪಿಂಚಣಿ ನಿಧಿಗೆ ಹೋಗುತ್ತದೆ. ಆದರೆ ನಿಮ್ಮ ಪೂರ್ತಿ ಸಂಬಳದ ಮೇಲಲ್ಲ. 2014ರ ಸೆಪ್ಟೆಂಬರ್‌ವರೆಗೆ 6,500 ರೂಪಾಯಿ ಮಿತಿ, ಆಮೇಲೆ 15,000. ಅಂದರೆ ಈಗ ತಿಂಗಳಿಗೆ 1,250 ರೂಪಾಯಿ ಮಾತ್ರ ಪಿಂಚಣಿಗೆ ಹೋಗುತ್ತಿದೆ. ಇನ್ನೊಂದು 1.16% ಕೇಂದ್ರ ಸರ್ಕಾರ ಹಾಕುತ್ತದೆ, ಅದೂ ಅದೇ ಮಿತಿಯ ಮೇಲೆ.

ಲೆಕ್ಕ ಸುಲಭ. ಪಿಂಚಣಿಗೆ ಲೆಕ್ಕ ಹಿಡಿಯುವ ಸಂಬಳವನ್ನು ಸೇವೆಯ ವರ್ಷದಿಂದ ಗುಣಿಸಿ 70ರಿಂದ ಭಾಗಿಸಬೇಕು. ನಿಮಗೆ 2014ರವರೆಗಿನ 18 ವರ್ಷಕ್ಕೆ 6,500ರ ಮೇಲೆ 1,671. ಆಮೇಲಿನ 12 ವರ್ಷಕ್ಕೆ 15,000ದ ಮೇಲೆ 2,571. ಒಟ್ಟು 4,242. 20 ವರ್ಷ ದಾಟಿದ ಸೇವೆಗೆ 2 ವರ್ಷ ಬೋನಸ್ ಸೇರುತ್ತದೆ. ನಿಮ್ಮ ಮಗಳ ಲೆಕ್ಕ ಸರಿಯಾಗಿದೆ.

ಇದರಲ್ಲಿ ನೀವು ಕಟ್ಟಿದ ಆದಾಯ ತೆರಿಗೆ ಎಲ್ಲೂ ಬರುವುದಿಲ್ಲ. ನೀವು 10 ಲಕ್ಷ ಕಟ್ಟಿದ್ದರೂ ಅಷ್ಟೇ, ಸೊನ್ನೆ ಕಟ್ಟಿದ್ದರೂ ಅಷ್ಟೇ.

ಕುವೆಂಪುನಗರ 77

@ಲೆಕ್ಕದ ಪುಸ್ತಕ ಅದೇ ಅನ್ಯಾಯ ಅಂತ ಅವರು ಹೇಳ್ತಿರೋದು. ನೀವು ನಿಯಮ ಹೇಳಿದಿರಿ, ನ್ಯಾಯ ಹೇಳಲಿಲ್ಲ.

ಕಬ್ಬಿನ ಗದ್ದೆ ಪಾಂಡವಪುರ

ನ್ಯಾಯದ ಮಾತು ಬಂತು, ಅದಕ್ಕೇ ಬರೀತಿದ್ದೀನಿ. ಟ್ಯಾಕ್ಸ್ ಕಟ್ಟೋರು ನೀವು ಮಾತ್ರ ಅಂತ ಯಾಕೆ ಅಂದ್ಕೋತೀರಾ ಅಣ್ಣ? ಪಂಪ್‌ಸೆಟ್ ರಿಪೇರಿ, ಟ್ರಾಕ್ಟರ್ ಟೈರು, ಮೊಬೈಲ್ ರೀಚಾರ್ಜು, ಎಲ್ಲದಕ್ಕೂ ಜಿಎಸ್‌ಟಿ ಇದೆ. ರೀಚಾರ್ಜಿಗೆ 18%. ಡೀಸೆಲ್ ಮೇಲೆ ಕೇಂದ್ರದ್ದೂ ಇದೆ, ರಾಜ್ಯದ್ದೂ ಇದೆ. ನಮ್ಮವ್ವ ಒಂದು ಸೋಪು ತಂದರೂ ಕಟ್ಟುತ್ತಾಳೆ. ಅವಳಿಗೆ ಸಂಧ್ಯಾ ಸುರಕ್ಷಾದಲ್ಲಿ ಬರೋದು ತಿಂಗಳಿಗೆ 1,200. ಅದೂ ಮೂರು ತಿಂಗಳಿಗೊಮ್ಮೆ ನಿಂತು ಹೋಗುತ್ತೆ.

ಕುವೆಂಪುನಗರ 77

ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ವಲ್ಲ. ಅದನ್ನೂ ಹೇಳಿ. ಐವತ್ತು ಎಕರೆ ಇರೋರೂ ಕಟ್ಟಲ್ಲ.

ಕಬ್ಬಿನ ಗದ್ದೆ ಪಾಂಡವಪುರ

ನಮ್ಮ ಕಡೆ ಐವತ್ತು ಎಕರೆಯವರು ಎಷ್ಟು ಜನ ಇದ್ದಾರೆ ಬಂದು ನೋಡಿ. ನನಗಿರೋದು ಎರಡು ಎಕರೆ ಕೆಳಗೆ. 2025-26ರ ಹಂಗಾಮಿಗೆ ಕಬ್ಬಿಗೆ ಕೇಂದ್ರ ಕಟ್ಟಿದ ದರ ಟನ್ನಿಗೆ 3,550 ರೂಪಾಯಿ, ಅದೂ 10.25% ಸಕ್ಕರೆ ಇಳುವರಿ ಬಂದರೆ. ಕಟಾವು, ಸಾಗಾಣಿಕೆ ಕಳೆದು ಕೈಗೆ ಬರೋದು ಬೇರೆ ಲೆಕ್ಕ. ವರ್ಷದ ಆದಾಯ ನೋಡಿದ್ರೆ ನಮ್ಮಂಥವರಿಗೆ ತೆರಿಗೆ ವಿನಾಯಿತಿ ತೆಗೆದರೂ ತೆರಿಗೆ ಬರಲ್ಲ. ದೊಡ್ಡ ಹಿಡುವಳಿಯವರಿಗೆ ಹಾಕಲಿ, ನನ್ನ ತಕರಾರಿಲ್ಲ.

ಸರಸ್ವತಿಪುರಂ ಮೇಷ್ಟ್ರು

ಸರ್ಕಾರಿ ಶಾಲೆ ಶಿಕ್ಷಕ. ಎಲ್ಲರೂ ನಮ್ಮ ಕಡೆ ಬೆರಳು ತೋರಿಸುವ ಮೊದಲು ಒಂದು ಮಾತು. 2006ರ ಏಪ್ರಿಲ್ 1ರ ನಂತರ ಕರ್ನಾಟಕದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ. ನಾನು 2008ರವನು. ನನ್ನ ಸಂಬಳದಲ್ಲಿ 10% ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿ ಯೋಜನೆಗೆ ಹೋಗುತ್ತದೆ. ನಿವೃತ್ತಿಯ ದಿನ ಅದರಲ್ಲಿ ಕನಿಷ್ಠ 40% ಕೊಟ್ಟು ವರ್ಷಾಶನ, ಅಂದರೆ ತಿಂಗಳು ತಿಂಗಳು ದುಡ್ಡು ಕೊಡುವ ಯೋಜನೆ, ಕೊಳ್ಳಬೇಕು. ತಿಂಗಳಿಗೆ ಎಷ್ಟು ಬರುತ್ತದೆ ಅಂತ ಈಗ ಯಾರೂ ಹೇಳಲಾರರು. ಪಕ್ಕದ ಕೊಠಡಿಯಲ್ಲಿ ಪಾಠ ಮಾಡುವ, 2005ರಲ್ಲಿ ಸೇರಿದ ಮೇಡಂಗೆ ಕೊನೆಯ ಮೂಲ ವೇತನದ ಅರ್ಧ, ಜೊತೆಗೆ ತುಟ್ಟಿಭತ್ಯೆ. ನಾವಿಬ್ಬರೂ ಕಟ್ಟುವ ಆದಾಯ ತೆರಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಸೇರಿದ ತಾರೀಖು ಎಲ್ಲವನ್ನೂ ತೀರ್ಮಾನ ಮಾಡಿಬಿಟ್ಟಿದೆ.

ಮೇಟಗಳ್ಳಿ ಲೇತ್

ಮೇಷ್ಟ್ರೇ, ನಿಮಗೆ ಇಲ್ಲ ಅಂದರೂ ಕೋಟಿ ಕೂಡಿರುತ್ತೆ ಬಿಡಿ.

ಸರಸ್ವತಿಪುರಂ ಮೇಷ್ಟ್ರು

ಇಲ್ಲ ಸ್ವಾಮಿ. ಪ್ರಾಥಮಿಕ ಶಾಲೆ ಶಿಕ್ಷಕರ ಸಂಬಳದಲ್ಲಿ ಕೋಟಿ ಕೂಡುವುದಿಲ್ಲ. ಸುಮ್ನೆ ಅಂದಾಜಿನಲ್ಲಿ ಮಾತಾಡಬೇಡಿ.

ವಾಪಸ್ ಬಂದವನು ಬೋಗಾದಿ

ಹೊರದೇಶದ ಬಗ್ಗೆ ಕೇಳಿದಿರಿ. ನಾನು ಅಮೆರಿಕದಲ್ಲಿ ಏಳು ವರ್ಷ ಎಚ್-1ಬಿ ವೀಸಾದಲ್ಲಿ ಕೆಲಸ ಮಾಡಿ ಬಂದವನು. ಅಲ್ಲಿ ಆದಾಯ ತೆರಿಗೆ ಬೇರೆ, ಸೋಷಿಯಲ್ ಸೆಕ್ಯುರಿಟಿ ಬೇರೆ. ಎರಡನೆಯದಕ್ಕೆ ಸಂಬಳದಿಂದ 6.2%, ಕಂಪನಿಯಿಂದ 6.2%. ಪಿಂಚಣಿ ನಿಂತಿರುವುದು ಅದರ ಮೇಲೆ. ಅದಕ್ಕೂ 40 ಕ್ರೆಡಿಟ್ ಬೇಕು, ವರ್ಷಕ್ಕೆ 4 ಮಾತ್ರ ಸಿಗುವುದು. ಅಂದರೆ ಕನಿಷ್ಠ 10 ವರ್ಷ. ನನಗೆ ಅಷ್ಟಾಗಲಿಲ್ಲ. ಭಾರತಕ್ಕೂ ಅಮೆರಿಕಕ್ಕೂ ಈ ಬಗ್ಗೆ ಒಪ್ಪಂದ ಇಲ್ಲದ್ದರಿಂದ ಇಲ್ಲಿನ ವರ್ಷಗಳನ್ನು ಸೇರಿಸಿಕೊಳ್ಳುವ ಹಾಗೂ ಇಲ್ಲ. ಕಟ್ಟಿದ್ದು ಅಲ್ಲೇ ಉಳಿಯಿತು. ಇವತ್ತಿಗೂ ನನಗೆ ಸಂಕಟ ಆಗುತ್ತದೆ.

ಇನ್ನೊಂದು ವಿಷಯ. ಅಲ್ಲಿ ಜಾಸ್ತಿ ಕಟ್ಟಿದವರಿಗೆ ಜಾಸ್ತಿ ಬರುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಸರಾಸರಿ ಸಂಬಳದ ಮೊದಲ ಭಾಗಕ್ಕೆ 90%, ಮುಂದಿನ ಭಾಗಕ್ಕೆ 32%, ಅದಕ್ಕೂ ಮೇಲಿನದಕ್ಕೆ 15% ಲೆಕ್ಕಕ್ಕೆ ಹಿಡಿಯುತ್ತಾರೆ. ಕಡಿಮೆ ಸಂಬಳದವರಿಗೆ ಅನುಕೂಲ ಆಗಲಿ ಅಂತಲೇ ಹಾಗೆ ಮಾಡಿದ್ದಾರೆ.

ಜಯಲಕ್ಷ್ಮೀಪುರಂ ಅಮ್ಮ

ನನ್ನ ಮಗ ಬ್ರಿಟನ್‌ನಲ್ಲಿದ್ದಾನೆ. ಅವನು ಹೇಳುವ ಪ್ರಕಾರ ಅಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಅಂತ ಕಟ್ಟುತ್ತಾರೆ. 2016ರ ಏಪ್ರಿಲ್‌ನಿಂದ ಹೊಸ ಪದ್ಧತಿ. 35 ವರ್ಷದ ದಾಖಲೆ ಇದ್ದರೆ ಪೂರ್ತಿ ಪಿಂಚಣಿ, ಕನಿಷ್ಠ 10 ವರ್ಷ ಬೇಕು. 2025-26ಕ್ಕೆ ಪೂರ್ತಿ ಅಂದರೆ ವಾರಕ್ಕೆ 230 ಪೌಂಡಿನಷ್ಟು. ದೊಡ್ಡ ಸಂಬಳದವರು ಎಷ್ಟೋ ಪಟ್ಟು ಜಾಸ್ತಿ ಕಟ್ಟಿರುತ್ತಾರೆ, ಆದರೂ ಹೊಸ ಪದ್ಧತಿಯಲ್ಲಿ ಅವರಿಗೂ ಬಸ್ ಡ್ರೈವರ್‌ಗೂ ಅದೇ ಮೊತ್ತ. ಲೆಕ್ಕಕ್ಕೆ ಬರುವುದು ವರ್ಷ, ಮೊತ್ತ ಅಲ್ಲ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿದ್ದ ತಾಯಂದಿರಿಗೂ ಆ ವರ್ಷಗಳ ಕ್ರೆಡಿಟ್ ಕೊಡುತ್ತಾರಂತೆ. ಅದು ನನಗೆ ತುಂಬಾ ಹಿಡಿಸಿತು. ನಾನು ಇಬ್ಬರು ಮಕ್ಕಳನ್ನು ಬೆಳೆಸಿದ ವರ್ಷಗಳು ನಮ್ಮ ದೇಶದ ಯಾವ ಪುಸ್ತಕದಲ್ಲಿ ಬರೆದಿದೆ?

ಲೆಕ್ಕದ ಪುಸ್ತಕ

@ಜಯಲಕ್ಷ್ಮೀಪುರಂ ಅಮ್ಮ ಸರಿಯಾಗಿ ಹೇಳಿದಿರಿ ಮೇಡಂ. ಜರ್ಮನಿಯಲ್ಲಿ ಇದರ ಉಲ್ಟಾ. ಸರಾಸರಿ ಸಂಬಳ ದುಡಿದ ವರ್ಷಕ್ಕೆ ಒಂದು ಅಂಕ, ಜಾಸ್ತಿ ದುಡಿದರೆ ಜಾಸ್ತಿ ಅಂಕ, ಅದಕ್ಕೂ ಮೇಲೊಂದು ಮಿತಿ. ನ್ಯೂಜಿಲೆಂಡ್‌ನಲ್ಲಿ ವಂತಿಗೆಯೇ ಇಲ್ಲ, ಸಾಮಾನ್ಯ ತೆರಿಗೆಯಿಂದಲೇ 65 ದಾಟಿದವರಿಗೆ ಕೊಡುತ್ತಾರೆ. ಅಲ್ಲಿ ಎಷ್ಟು ವರ್ಷ ವಾಸ ಇದ್ದರು ಅಂತ ನೋಡುತ್ತಾರೆ, ಎಷ್ಟು ತೆರಿಗೆ ಕಟ್ಟಿದರು ಅಂತ ನೋಡುವುದಿಲ್ಲ. ಕಟ್ಟಿದ ಆದಾಯ ತೆರಿಗೆ ನೋಡಿ ಪಿಂಚಣಿ ಅಳೆಯುವ ದೇಶ ಈ ಪಟ್ಟಿಯಲ್ಲಿ ಒಂದೂ ಇಲ್ಲ.

ಹೂಟಗಳ್ಳಿ ಶಿಫ್ಟ್

ಎಲ್ಲರ ಮಾತೂ ಓದಿದೆ. ತೆರಿಗೆ ಬೇರೆ, ವಂತಿಗೆ ಬೇರೆ, ಒಪ್ಪುತ್ತೇನೆ. ಆದರೆ ತೆರಿಗೆ ಕಟ್ಟಿದ ಕಾರಣಕ್ಕೆ ಹೊರಗೆ ಇಡುವುದು ಯಾಕೆ? ಅಟಲ್ ಪಿಂಚಣಿಗೆ 2022ರ ಅಕ್ಟೋಬರ್‌ನಿಂದ ಆದಾಯ ತೆರಿಗೆ ಕಟ್ಟುವವರು, ಹಿಂದೆ ಕಟ್ಟಿದವರೂ ಸೇರುವ ಹಾಗಿಲ್ಲ. ನನ್ನ ತಮ್ಮ ಒಂದು ವರ್ಷ ಓವರ್‌ಟೈಮ್ ಮಾಡಿ ಸ್ವಲ್ಪ ತೆರಿಗೆ ಕಟ್ಟಿದ್ದ. ಆಮೇಲೆ ಕೆಲಸ ಹೋಯಿತು. ಈಗ ಅವನಿಗೆ ಬಾಗಿಲು ಮುಚ್ಚಿದೆ. ಪಿಎಂ ಕಿಸಾನ್ ವರ್ಷಕ್ಕೆ 6,000, ಅದರಲ್ಲೂ ಹಿಂದಿನ ವರ್ಷ ತೆರಿಗೆ ಕಟ್ಟಿದವರಿಗೆ ಇಲ್ಲ.

ಲೆಕ್ಕದ ಪುಸ್ತಕ

ನಿಮ್ಮ ತಮ್ಮನ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಇದೆ. ಒಂದು ವರ್ಷದ ತೆರಿಗೆ ನೋಡಿ ಜೀವಮಾನಕ್ಕೆ ಹೊರಗಿಡುವುದು ಒರಟು ನಿಯಮ.

ಆದರೆ ನಿಮ್ಮ ವಾದವನ್ನೇ ತಿರುಗಿಸಿ ನೋಡಿ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಇದೆ. ಸಂಬಳದವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ನಿಮ್ಮ 11 ಲಕ್ಷಕ್ಕೆ ತೆರಿಗೆ ಸೊನ್ನೆ. ಸವಲತ್ತು ತೆರಿಗೆಯ ಮೇಲೆ ನಿಂತರೆ ಈ ವರ್ಷದಿಂದ ನಿಮಗೆ ಏನೂ ಬರಬಾರದು, ಅಲ್ವಾ? ಬೇಡ ಸಾರ್ ಆ ವಾದ. ನಮ್ಮಂಥವರಿಗೆ ಅದು ಒಳ್ಳೆಯದಲ್ಲ.

ದೇವರಾಜ ಮಾರ್ಕೆಟ್

ಚಿಕ್ಕ ಅಂಗಡಿ ಇಟ್ಟವರ ಕಥೆ ಕೇಳಿ. ಆದಾಯ ತೆರಿಗೆ ಬರುವಷ್ಟು ಲಾಭ ಇಲ್ಲ. ಆದರೆ ಜಿಎಸ್‌ಟಿ ರಿಟರ್ನ್ ಹಾಕ್ತೀವಿ ಅಂತ ಮನೆಯವಳಿಗೆ ಗೃಹಲಕ್ಷ್ಮಿ ಇಲ್ಲ. ಆ ದುಡ್ಡು ಗಿರಾಕಿಯದ್ದು, ನಾವು ವಸೂಲಿ ಮಾಡಿ ಕಟ್ಟೋರು ಅಷ್ಟೇ. ಪಿಎಫ್ ಇಲ್ಲ, ಪಿಂಚಣಿ ಇಲ್ಲ, ರಜೆ ಇಲ್ಲ.

ಮಂಡ್ಯ ಮಗಳು

ಗೃಹಲಕ್ಷ್ಮಿ ಶುರುವಾಗಿದ್ದೇ ಮೈಸೂರಲ್ಲಿ, 2023ರ ಆಗಸ್ಟ್ 30ರಂದು. ಆಗಿನಿಂದ ನನಗೆ 2,000 ಬರುತ್ತಿದೆ. ತಡ ಆಗುತ್ತದೆ, ಆದರೂ ಬರುತ್ತದೆ. ಅದರಲ್ಲಿ ಮಗಳ ಟ್ಯೂಷನ್ ಫೀಸು ಕಟ್ಟುತ್ತೇನೆ. ಇಲ್ಲಿ ಕೆಲವರು ಬರೆದಿದ್ದು ಓದಿದರೆ ನಾವು ಯಾರದ್ದೋ ಕಿತ್ತುಕೊಂಡ ಹಾಗೆ ಅನ್ನಿಸುತ್ತೆ. ನಾನೂ ದುಡಿಯುತ್ತೇನೆ. ಮದ್ದೂರಿನ ಹತ್ತಿರ ಗಾರ್ಮೆಂಟ್ಸ್‌ನಲ್ಲಿ. ಶಕ್ತಿ ಯೋಜನೆಯ ಬಸ್ಸಲ್ಲಿ ಟ್ಯಾಕ್ಸ್ ಕಟ್ಟೋರ ಹೆಂಡತಿಯರೂ ಕೂರುತ್ತಾರೆ, ಅವರನ್ನು ಯಾರೂ ಇಳಿಸಲ್ಲ.

ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಅದರ ವಿಷಯ ಯಾರೂ ಹೇಳಲಿಲ್ಲ. ನನ್ನ ಸಂಬಳದಲ್ಲಿ 0.75% ಹಿಡಿಯುತ್ತಾರೆ, ಕಂಪನಿ 3.25% ಹಾಕುತ್ತದೆ. ನಮ್ಮ ಲೈನ್ ಸೂಪರ್‌ವೈಸರ್ ನನಗಿಂತ ಜಾಸ್ತಿ ಕಟ್ಟುತ್ತಾರೆ. ಆದರೆ ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ಚಿಕಿತ್ಸೆ. ಕಾಯಿಲೆ ರಜೆಯ ದುಡ್ಡು ಮಾತ್ರ ಸಂಬಳದ 70%, ಅದು ಅವರಿಗೆ ಜಾಸ್ತಿ ಬರುತ್ತೆ. ನನಗೆ ಇದು ಸರಿ ಅನ್ನಿಸುತ್ತೆ. ಔಷಧಿ ಎಲ್ಲರಿಗೂ ಒಂದೇ ಇರಲಿ, ಸಂಬಳದ ಬದಲಿಗೆ ಕೊಡೋದು ಸಂಬಳದ ಲೆಕ್ಕದಲ್ಲಿರಲಿ.

ಜಯಲಕ್ಷ್ಮೀಪುರಂ ಅಮ್ಮ

ಮಂಡ್ಯ ಮಗಳೇ, ಚೆನ್ನಾಗಿ ಹೇಳಿದೆ ಕಣಮ್ಮ. ಬೇಜಾರು ಮಾಡ್ಕೋಬೇಡ.

ಮೇಟಗಳ್ಳಿ ಲೇತ್

ಇಎಸ್‌ಐಗೆ ಸಂಬಳ 21,000 ದಾಟಿದರೆ ಹೊರಗೆ. 2017ರಿಂದ ಅದೇ ಮಿತಿ. ಅಷ್ಟು ಸಂಬಳದವನಿಗೆ ಖಾಸಗಿ ವಿಮೆ ಕಟ್ಟೋಕಾಗುತ್ತಾ?

ಕುವೆಂಪುನಗರ 77

ನನ್ನ ಮಾತು ಯಾರಿಗೂ ಅವಮಾನ ಮಾಡೋಕಲ್ಲ. ಕೊಡುವವರಿಗೆ ಒಂದು ಗೌರವ ಬೇಕು ಅಂತ ಅಷ್ಟೇ. 2016ರಲ್ಲಿ ಆದಾಯ ತೆರಿಗೆ ಇಲಾಖೆ ಪ್ರಶಂಸಾ ಪತ್ರ ಕಳಿಸಲು ಶುರು ಮಾಡಿತ್ತು. 1 ಲಕ್ಷಕ್ಕಿಂತ ಜಾಸ್ತಿ ಕಟ್ಟಿದವರಿಗೆ ಕಂಚು, 1 ಕೋಟಿ ದಾಟಿದವರಿಗೆ ಪ್ಲಾಟಿನಂ. ಪತ್ರ ಇಟ್ಟುಕೊಂಡು ಏನು ಮಾಡೋದು? ಕೆಲಸ ಹೋದಾಗ ಆರು ತಿಂಗಳು ಆಸರೆ ಕೊಡಿ. ಅಷ್ಟು ಸಾಕು.

ಮತ್ತೆ ಇದು ಜನರ ಮಟ್ಟದಲ್ಲಿ ಮಾತ್ರ ಅಲ್ಲ. ನಮ್ಮ ರಾಜ್ಯದ್ದೂ ಇದೇ ಕಥೆ. 14ನೇ ಹಣಕಾಸು ಆಯೋಗದಲ್ಲಿ, ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 4.713% ಇತ್ತು. 15ನೇದರಲ್ಲಿ 3.647%ಕ್ಕೆ ಇಳಿಸಿದರು. ಜಾಸ್ತಿ ಕಟ್ಟುವ ರಾಜ್ಯಕ್ಕೆ ಕಡಿಮೆ.

ವಾಪಸ್ ಬಂದವನು ಬೋಗಾದಿ

ನೂರಕ್ಕೆ ನೂರು ಸತ್ಯ. ಕಟ್ಟುವ ಸಾಮರ್ಥ್ಯ ಇರುವುದೇ ತಪ್ಪು ಅನ್ನುವ ಹಾಗಾಗಿದೆ.

ಕಬ್ಬಿನ ಗದ್ದೆ ಪಾಂಡವಪುರ

ಕಟ್ಟಿದಷ್ಟೇ ವಾಪಸ್ ಅಂತ ಮೊದಲೇ ನೋಡಿದ್ದರೆ ಕನ್ನಂಬಾಡಿ ಕಟ್ಟೆ ಎದ್ದೇಳುತ್ತಿರಲಿಲ್ಲ. 1911ರಲ್ಲಿ ಕೆಲಸ ಶುರುವಾದಾಗ ದುಡ್ಡು ಹಾಕಿದ್ದು ಇಡೀ ಮೈಸೂರು ಸಂಸ್ಥಾನ. ಮಳೆ ನಂಬಿಕೊಂಡಿದ್ದ ಮಂಡ್ಯಕ್ಕೆ ನಾಲೆ ಬಂದಿದ್ದು ಆಮೇಲೆ. ನಮ್ಮ ತಾತಂದಿರು ಅದಕ್ಕೆ ಮೊದಲು ಎಷ್ಟು ಕಂದಾಯ ಕಟ್ಟಿದ್ದರು ಅಂತ ಯಾರೂ ಕೇಳಲಿಲ್ಲ. ಅದರಿಂದ ಬೆಳೆದ ಭತ್ತ, ಕಬ್ಬು ಎಲ್ಲರಿಗೂ ಬಂತು. ಬೆಂಗಳೂರಿಗೆ ಕುಡಿಯೋ ನೀರು ಹೋಗ್ತಿರೋದೂ ಕಾವೇರಿಯಿಂದಲೇ.

ಕುವೆಂಪುನಗರ 77

ಒಂದು ಸಲ ಕಟ್ಟೆ ಕಟ್ಟೋದು ಬೇರೆ, ತಿಂಗಳು ತಿಂಗಳು ಹಂಚೋದು ಬೇರೆ.

ನಿರ್ವಾಹಕರು

ರಾಜ್ಯದ ಪಾಲಿನ ಬಗ್ಗೆ ಪ್ರತ್ಯೇಕ ಚರ್ಚೆ ನಡೆಯುತ್ತಿದೆ, ಅಲ್ಲಿ ಬರೆಯಿರಿ. ಇಲ್ಲಿ ಪಿಂಚಣಿ, ಸವಲತ್ತು ಮಾತ್ರ. ಪಕ್ಷಗಳ ಹೆಸರು ಹಿಡಿದು ಬೈದಿದ್ದ ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ.

ನಿವೃತ್ತ ಫಿಟ್ಟರ್ ಹೆಬ್ಬಾಳ್

ತಡವಾಗಿ ಬಂದೆ. ನಾನು ಇಪಿಎಸ್ ಪಿಂಚಣಿದಾರ. ನಿಮ್ಮ ವಾದ ಎಲ್ಲ ಓದಿ ಸಿಟ್ಟು ಬಂತು, ಯಾಕೆ ಅಂತ ಹೇಳುತ್ತೇನೆ.

ನಮ್ಮ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. 58ಕ್ಕೆ ನಿಂತ ಮೊತ್ತ ಸಾಯುವ ತನಕ ಅಷ್ಟೇ. ಕನಿಷ್ಠ ಪಿಂಚಣಿ 1,000 ಅಂತ 2014ರಲ್ಲಿ ಮಾಡಿದರು, ಆಗಿನಿಂದ ಒಂದು ರೂಪಾಯಿ ಏರಿಸಿಲ್ಲ. ಆಗ ಅಕ್ಕಿ ಎಷ್ಟಿತ್ತು, ಗ್ಯಾಸ್ ಎಷ್ಟಿತ್ತು? 15,000ದ ಮಿತಿಯೂ ಆಗಿನದ್ದೇ. ಆ ಮಿತಿಯಲ್ಲಿ 35 ವರ್ಷದ ಸೇವೆಗೆ ಬರುವುದು 7,500. ಪಕ್ಕದ ಮನೆಯ ಅಜ್ಜಿಗೆ 1,200 ಬಂದರೆ, ಯಾರಿಗೋ 2,000 ಬಂದರೆ ನನ್ನ ಪಿಂಚಣಿ ಕಡಿಮೆ ಆಗಿಲ್ಲ. ಅದು ಕಡಿಮೆ ಇರುವುದು ಈ ಮಿತಿಯಿಂದ. ಜಗಳ ಮಾಡುವುದಾದರೆ ಇದಕ್ಕೆ ಮಾಡಿ. ನಾವು ವಯಸ್ಸಾದವರು ಬಿಸಿಲಲ್ಲಿ ಧರಣಿ ಕೂತಾಗ ಇನ್ನೂ ಕೆಲಸದಲ್ಲಿರುವವರು ಒಬ್ಬರೂ ಬರುವುದಿಲ್ಲ. ನಾಳೆ ಇದು ಅವರದ್ದೇ ಪಿಂಚಣಿ.

ಹೆಚ್ಚಿನ ಪಿಂಚಣಿಗೆ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ದಾರಿ ಕೊಟ್ಟಿತು. ಪೂರ್ತಿ ಸಂಬಳದ ಮೇಲೆ ವಂತಿಗೆ ಕಟ್ಟಿದ್ದವರು, ವ್ಯತ್ಯಾಸದ ದುಡ್ಡನ್ನು ಬಡ್ಡಿ ಸಮೇತ ಪಿಎಫ್‌ನಿಂದ ಪಿಂಚಣಿ ನಿಧಿಗೆ ಕೊಟ್ಟು ಸೇರಬಹುದು ಅಂತ. ಅರ್ಜಿಗೆ 2023ರ ಜುಲೈ 11 ಕೊನೆ ದಿನ ಇತ್ತು. ನಾನೂ ಹಾಕಿದ್ದೆ. ಹಳೇ ಸಂಬಳದ ದಾಖಲೆ ಕೊಡಿ ಅಂತ ಕೇಳಿದರು. ನಾನು ಕೆಲಸ ಮಾಡಿದ ಘಟಕ ಮುಚ್ಚಿಹೋಗಿದೆ. ಯಾರ ಹತ್ತಿರ ತರಲಿ? ಕಾರ್ಮಿಕನ ದಾಖಲೆ ಕಾಯುವುದು ಕಾರ್ಮಿಕನ ಕೆಲಸವಾ?

ಹೂಟಗಳ್ಳಿ ಶಿಫ್ಟ್

ಅಣ್ಣ, ನಿಮ್ಮ ಮಾತು ತಟ್ಟಿತು. ಮುಂದಿನ ಸಲ ಧರಣಿ ಇದ್ದಾಗ ಇಲ್ಲೇ ಬರೆಯಿರಿ. ನಮ್ಮ ಶಿಫ್ಟಿನವರನ್ನು ಕರೆದುಕೊಂಡು ಬರುತ್ತೇನೆ.

ಲೆಕ್ಕದ ಪುಸ್ತಕ

ಫಿಟ್ಟರ್ ಸಾರ್ ಹೇಳಿದ್ದರ ಜೊತೆ ಒಂದು ಸಣ್ಣ ವಿಷಯ. ಮಿತಿಯಿಂದಾಗಿ ಪಿಂಚಣಿ ನಿಧಿಗೆ ಹೋಗದ ಮಾಲೀಕರ ಪಾಲು ಕಳೆದುಹೋಗುವುದಿಲ್ಲ. ಪೂರ್ತಿ ಸಂಬಳದ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ಉಳಿದದ್ದು ನಿಮ್ಮ ಪಿಎಫ್ ಖಾತೆಗೇ ಬರುತ್ತದೆ. ಹೂಟಗಳ್ಳಿಯವರು ಪಾಸ್‌ಬುಕ್ ತೆಗೆದು ನೋಡಿ. ಪಿಂಚಣಿಯ ಕಾಲಂ ಬೇರೆ ಇರುತ್ತದೆ. ಹಳೇ ಕಂಪನಿಯ ಸೇವೆ ಇದ್ದರೆ ಸೇರಿದೆಯಾ ನೋಡಿ. ಆಧಾರ್‌ನಲ್ಲೂ ಪಿಎಫ್‌ನಲ್ಲೂ ಹೆಸರು, ಹುಟ್ಟಿದ ತಾರೀಖು ಒಂದೇ ಇರಲಿ. ಇದೊಂದರಿಂದಲೇ ತಿಂಗಳುಗಟ್ಟಲೆ ಅಲೆದವರನ್ನು ನೋಡಿದ್ದೇನೆ. ದುಡಿಮೆ ಮುಂದುವರಿಸುವುದಾದರೆ ಪಿಂಚಣಿಯನ್ನು 60ರವರೆಗೆ ಮುಂದೂಡಬಹುದು, ವರ್ಷಕ್ಕೆ 4% ಜಾಸ್ತಿ ಸಿಗುತ್ತದೆ. 58ಕ್ಕೂ ಮೊದಲೇ ತಗೊಂಡರೆ ವರ್ಷಕ್ಕೆ 4% ಕಡಿತ.

ಮೇಟಗಳ್ಳಿ ಲೇತ್

ನಾನು 2019ರಲ್ಲಿ ಸೇರಿದ್ದು. ಮೊದಲ ದಿನವೇ ಮೂಲ ವೇತನ 18,000. ಪಾಸ್‌ಬುಕ್‌ನಲ್ಲಿ ಪಿಂಚಣಿ ಕಾಲಂ ಸೊನ್ನೆ ಇದೆ. ತಪ್ಪಾಗಿದೆಯಾ?

ಲೆಕ್ಕದ ಪುಸ್ತಕ

ಅದೇ ನಿಮ್ಮ ಮೊದಲ ಪಿಎಫ್ ಖಾತೆ ಆಗಿದ್ದರೆ ತಪ್ಪಲ್ಲ. 2014ರ ಸೆಪ್ಟೆಂಬರ್ 1ರ ನಂತರ 15,000ಕ್ಕಿಂತ ಜಾಸ್ತಿ ಸಂಬಳಕ್ಕೆ ಹೊಸದಾಗಿ ಸೇರಿದವರು ಇಪಿಎಸ್ ಸದಸ್ಯರಲ್ಲ. ಮಾಲೀಕರ ಪಾಲು ಪೂರ್ತಿ ಪಿಎಫ್‌ಗೆ ಬರುತ್ತದೆ. ಆದರೆ ನಿಮಗೆ ತಿಂಗಳ ಪಿಂಚಣಿ ಇಲ್ಲ. ಈಗಿನಿಂದಲೇ ಎನ್‌ಪಿಎಸ್ ಅಥವಾ ಬೇರೆ ಏನಾದರೂ ಯೋಚಿಸಿ.

ಮೇಟಗಳ್ಳಿ ಲೇತ್

ಇದನ್ನು ನಮಗೆ ಕೆಲಸಕ್ಕೆ ಸೇರುವಾಗ ಯಾರೂ ಹೇಳಲೇ ಇಲ್ಲ.

ಜಯಲಕ್ಷ್ಮೀಪುರಂ ಅಮ್ಮ

ನಮ್ಮ ಮನೆ ಕೆಲಸಕ್ಕೆ ಬರುವ ಹುಡುಗಿಗೆ 39 ವರ್ಷ. ಗಂಡ ಇಲ್ಲ, ತೆರಿಗೆ ಗಿರಿಗೆ ಏನೂ ಇಲ್ಲ. ಅಟಲ್ ಪಿಂಚಣಿಗೆ ಸೇರಿಸಬಹುದಾ? ಕಂತು ನಾನು ಕೊಡೋಣ ಅಂತ.

ಲೆಕ್ಕದ ಪುಸ್ತಕ

ಖಂಡಿತ ಮೇಡಂ, ಆದರೆ ಬೇಗ ಮಾಡಿ. 18ರಿಂದ 40ರವರೆಗೆ ಮಾತ್ರ ಸೇರಬಹುದು. 39ಕ್ಕೆ ಸೇರಿದರೆ, 60ರ ನಂತರ ತಿಂಗಳಿಗೆ 5,000 ಬರಲು ಈಗ ತಿಂಗಳಿಗೆ 1,318 ಕಟ್ಟಬೇಕು. 1,000ದ ಪಿಂಚಣಿಗೆ 264. ಅವರ ಉಳಿತಾಯ ಖಾತೆ ಇರುವ ಬ್ಯಾಂಕಿನಲ್ಲೇ ಫಾರಂ ಕೊಡುತ್ತಾರೆ. ಕಂತು ಖಾತೆಯಿಂದ ತಾನೇ ಕಡಿತ ಆಗುತ್ತದೆ, ಹಾಗಾಗಿ ಖಾತೆಯಲ್ಲಿ ದುಡ್ಡಿರುವ ಹಾಗೆ ನೋಡಿಕೊಳ್ಳಿ.

ಮಂಡ್ಯ ಮಗಳು

ನನಗೆ 34. ನಮ್ಮ ಲೈನಲ್ಲಿ ಇನ್ನೂ ಸುಮಾರು ಜನ ಇದ್ದಾರೆ. ನಮಗೆ ಪಿಎಫ್ ಇದ್ದರೂ ಸೇರಬಹುದಾ?

ಲೆಕ್ಕದ ಪುಸ್ತಕ

ಸೇರಬಹುದಮ್ಮ. ಪಿಎಫ್ ಅಡ್ಡಿ ಬರಲ್ಲ, ಆದಾಯ ತೆರಿಗೆ ಕಟ್ಟಿರಬಾರದು ಅಷ್ಟೇ. ಆಧಾರ್, ಪಾಸ್‌ಬುಕ್, ಮೊಬೈಲ್ ನಂಬರ್ ತಗೊಂಡು ಬ್ಯಾಂಕಿಗೆ ಹೋಗಿ. ನಾಮಿನಿ ಹೆಸರು ಅಲ್ಲೇ ಬರೆಸಿಬಿಡಿ.